ಗರಗರ ಡಬ್ಬಿ

ನಮ್ಮ ಮನೆಯಲ್ಲಿ ಅಪ್ಪನ ಕೈಗೆ ಯಾರೂ ಹೆದರುತ್ತಿರಲಿಲ್ಲ. ಅವನು ಯಾರ ಮೇಲಾದರೂ ಕೈ ಎತ್ತಿದ್ದು ನನಗೆ ನೆನಪಿಲ್ಲ. ನಾವು ಹೆದರುತ್ತಿದ್ದದ್ದು ಅವನ ಕಿವಿಗೆ. ಒಳಗೆ ಅವ್ವ ತಾಟು ನೆಲಕ್ಕಿಟ್ಟ ಸಪ್ಪಳ ಕೇಳಿಯೇ ಅವಳಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂದು ಹೊರಗಿನ ಕೋಣೆಯಲ್ಲಿ ಕೂತು ಹೇಳುತ್ತಿದ್ದ. ಅಣ್ಣ ಶರಣು ಶಾಲೆಯಿಂದ ಬರುವಾಗ ಚಪ್ಪಲಿ ಎಳೆದ ರೀತಿಯಲ್ಲೇ ಅವನು ಪರೀಕ್ಷೆಯಲ್ಲಿ ನಪಾಸಾಗಿದ್ದು ಅಪ್ಪನಿಗೆ ತಿಳಿದುಬಿಡುತ್ತಿತ್ತು. ಪುಣೆ ಹತ್ತಿರದ ದೇಹೂ ರೋಡ್ ಊರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಅವನು ವೈರ್‌ಲೆಸ್ ಸೆಟ್ಟುಗಳನ್ನು ರಿಪೇರಿ ಮಾಡುತ್ತಿದ್ದ. ಕಲಬುರಗಿ ಕಡೆಯ ಹಳ್ಳಿಯಿಂದ ಕಟ್ಟಡದ ಗ್ಯಾಂಗಿನ ಜೊತೆ ಕಲ್ಲು ಹೊರಲು ಪುಣೆಗೆ ಬಂದವನು. ವರ್ಕ್‌ಶಾಪಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ಮಿಸ್ತ್ರಿಗಳ ಬೆನ್ನ ಹಿಂದೆ ನಿಂತು ನೋಡಿ, ಬೈಸಿಕೊಂಡು, ಒಮ್ಮೆ ಅವರ ಚೇಷ್ಟೆಗೆ ಕರೆಂಟು ಹೊಡೆಸಿಕೊಂಡು ಎಲ್ಲವನ್ನೂ ಕಲಿತಿದ್ದ. ನೋಯದೆ ಯಾರಿಗೂ ಏನೂ ಬರುವುದಿಲ್ಲ ಎಂದು ಅವನು ಖಂಡಿತವಾಗಿ ನಂಬಿದ್ದ, ಮತ್ತು ಆ ನಂಬಿಕೆಯನ್ನು ಮನೆಗೂ ತಂದಿದ್ದ.

ಮನೆ ಎಂದರೆ ತಗಡಿನ ಛಾವಣಿಯ ಎರಡು ಕೋಣೆ. ನಡುವೆ ಬಾಗಿಲಿರಲಿಲ್ಲ, ಅವ್ವನ ಹಳೆಯ ಇಳಕಲ್ ಸೀರೆಯೊಂದನ್ನು ಪರದೆ ಮಾಡಿ ಕಟ್ಟಿದ್ದೆವು. ಒಳಗೆ ಒಲೆ, ನೀರಿನ ಗಡಿಗೆ, ಹಾಸಿಗೆಗಳ ಸುರುಳಿ, ದೇವರ ಜಗಲಿ. ಹೊರಗೆ ಅಪ್ಪನ ಬೆಂಚು. ವರ್ಕ್‌ಶಾಪಿನಿಂದ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಅಪ್ಪ ಆ ಬೆಂಚಿಗೆ ಕೂತರೆ ಊಟಕ್ಕಷ್ಟೇ ಏಳುತ್ತಿದ್ದ. ಸುತ್ತಲಿನ ಚಾಳುಗಳ ರೇಡಿಯೋಗಳೆಲ್ಲ ಅಲ್ಲಿಗೇ ಬರುತ್ತಿದ್ದವು.

ಒಂದು ಭಾನುವಾರ ಡೆನ್ಜಿಲ್ ಎಂಬವನು ಬಂದ. ಗೋವಾದವನು, ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಹೋಟೆಲಿನಲ್ಲಿ ಗಿಟಾರ್ ಬಾರಿಸುತ್ತಿದ್ದ. ಉದ್ದ ಕೂದಲು, ಕಾಲಿನ ಹತ್ತಿರ ಅಗಲವಾದ ಪ್ಯಾಂಟು. ಅವ್ವ ಅವನನ್ನು ನೋಡಿ ಸೆರಗು ಸರಿಮಾಡಿಕೊಂಡು ಪರದೆಯ ಹಿಂದೆ ಹೋದಳು. ಅವನ ಕೈಯಲ್ಲಿ ಲೋಹದ ಪೆಟ್ಟಿಗೆಯೊಂದಿತ್ತು. ಮೇಲೆ ಎರಡು ಗುಂಡಿ, ಕಾಲಿನಿಂದ ಒತ್ತುವ ಒಂದು ಸ್ವಿಚ್ಚು. ಯಾರೋ ವಿದೇಶಿ ಹುಡುಗ ಊರಿಗೆ ಹೋಗುವಾಗ ಬಿಟ್ಟುಕೊಟ್ಟಿದ್ದಂತೆ. ಗಿಟಾರಿನಿಂದ ಬಂದ ತಂತಿಯನ್ನು ಇದಕ್ಕೆ ಸಿಕ್ಕಿಸಿ ಒತ್ತಿದರೆ ದನಿ ಒಡೆದು ಹರಡುತ್ತದೆ, ಹೆಸರು ಫಜ್, ಈಗ ಸತ್ತುಹೋಗಿದೆ ಎಂದು ಅವನು ಹಿಂದಿಯಲ್ಲಿ ವಿವರಿಸಿದ. ಅಪ್ಪ ತಿರುಪು ಬಿಚ್ಚಿ ಒಳಗೆ ನೋಡಿದ. ಎರಡು ಟ್ರಾನ್ಸಿಸ್ಟರು, ಬೆರಳೆಣಿಕೆಯ ಬಿಡಿಭಾಗಗಳು, ಒಂದು ಬ್ಯಾಟರಿ. ಅವನಿಗೆ ನಗು ಬಂತು.

“ಇಷ್ಟು ದಿನ ಗರಗರ ತೆಗೀರಿ ಅಂತ ಬರ್ತಿದ್ರು. ಈಗ ಗರಗರ ಹಾಕ್ರಿ ಅಂತ ಬರಾಕತ್ತಾರ ನೋಡು.”

ಒಳಗಿನ ತಂತಿ ಕಿತ್ತಿತ್ತು, ಅಷ್ಟೇ. ಅದನ್ನು ಬೆಸೆದು, ನಮ್ಮ ಹಳೆಯ ವಾಲ್ವ್ ರೇಡಿಯೋಗೆ ಜೋಡಿಸಿ, ಡೆನ್ಜಿಲ್ ಗಿಟಾರಿನ ಒಂದು ತಂತಿ ಮೀಟಿದಾಗ ತಗಡಿನ ಛಾವಣಿಯೇ ಅದುರಿತು. ಎಮ್ಮೆ ಈಯುವಾಗ ಒದರಿದ ಹಾಗೆ ಇದೆ ಎಂದು ಅವ್ವ ಒಳಗಿನಿಂದ ಅಂದಳು. ಅಂದಿನಿಂದ ಆ ಪೆಟ್ಟಿಗೆಗೆ ನಮ್ಮ ಮನೆಯಲ್ಲಿ ಗರಗರ ಡಬ್ಬಿ ಎಂದೇ ಹೆಸರಾಯಿತು. ಡೆನ್ಜಿಲ್ ಹೋಗುವ ಮೊದಲು ಅಪ್ಪ ಒಳಗಿನದನ್ನೆಲ್ಲ ಕಾಗದದ ಮೇಲೆ ಬರೆದುಕೊಂಡ. ಹದಿನೈದು ದಿನಕ್ಕೆ ನಮ್ಮದೇ ಒಂದು ತಯಾರಾಯಿತು. ತಗಡನ್ನು ಅಣ್ಣ ಮಡಚಿ ಪೆಟ್ಟಿಗೆ ಮಾಡಿದ. ಅಂಥ ಸ್ವಿಚ್ಚು ಎಲ್ಲಿಯೂ ಸಿಗಲಿಲ್ಲವೆಂದು ಅಪ್ಪ ಹಳೆಯ ಸಾಮಾನು ಮಾರುವ ಜೂನಾ ಬಜಾರಿನಿಂದ ಲಾರಿಯ ಸ್ವಿಚ್ಚು ತಂದ, ಡ್ರೈವರು ಹೆಡ್‌ಲೈಟನ್ನು ಏರಿಸಿ ಇಳಿಸಲು ಎಡಗಾಲಿನಿಂದ ಒತ್ತುತ್ತಾನಲ್ಲ, ಅದು. ಹಾಳಾದ ರೇಡಿಯೋಗಳಿಂದ ಟ್ರಾನ್ಸಿಸ್ಟರು ಕಿತ್ತ. ಡೆನ್ಜಿಲ್ ಬಂದು ಬಾರಿಸಿ ನೋಡಿ, ತನ್ನ ಗೆಳೆಯರಿಗೂ ಬೇಕೆಂದ. ಹಾಗೆ ಶುರುವಾದ ಕೆಲಸ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ನಡೆಯಿತು.

ಆ ಟ್ರಾನ್ಸಿಸ್ಟರುಗಳ ವಿಷಯ ಸ್ವಲ್ಪ ಹೇಳಬೇಕು. ಜರ್ಮೇನಿಯಂ ಎಂಬ ಹಳೆಯ ಜಾತಿಯವು, ಶೇಂಗಾಬೀಜದಷ್ಟು ದೊಡ್ಡವು, ಲೋಹದ ಮೈ, ಮೂರು ಕಾಲು. ಒಂದೇ ಕಾರ್ಖಾನೆಯಿಂದ ಬಂದರೂ ಒಂದರಂತೆ ಇನ್ನೊಂದಿಲ್ಲ. ನೂರರಲ್ಲಿ ಒಂದೊಂದು ಜೋಡಿಯಷ್ಟೇ ಈ ದನಿಗೆ ಒಪ್ಪುತ್ತಿತ್ತು. ಶಾಖ ತಗುಲಿದರೆ ಕೆಡುತ್ತವೆ. ಬೆಸೆಯುವಾಗ ಎರಡು ಕ್ಷಣ ಹೆಚ್ಚು ಕಾಯಿಸಿದರೆ ಸಾಯುತ್ತವೆ. ಆದ್ದರಿಂದ ಆರಿಸಿಟ್ಟ ಜೋಡಿಗಳ ಡಬ್ಬವನ್ನು ಅಪ್ಪ ನೀರಿನ ಗಡಿಗೆಯ ಬುಡದ ತಂಪಿನಲ್ಲಿ ಇಡಿಸಿದ್ದ. ಬೇಸಿಗೆಯಲ್ಲಿ ನೀರು ಕುಡಿಯಲು ಹೋದವರು ಒಂದು ಹನಿ ಚೆಲ್ಲಿದರೂ ಹೊರಗಿನಿಂದ ಕೇಳಿ, ‘ಯಾರದು’ ಎನ್ನುತ್ತಿದ್ದ.

ಜೋಡಿ ಆರಿಸುವುದಕ್ಕೆ ಮೀಟರು ಅರ್ಧ ದಾರಿ ತೋರಿಸುತ್ತಿತ್ತು, ಉಳಿದದ್ದು ಕಿವಿ. ನನಗೆ ಹನ್ನೊಂದು ವರ್ಷವಿರಬೇಕು. ಅಪ್ಪ ಎರಡು ಜೋಡಿಗಳ ನಡುವೆ ಒದ್ದಾಡುತ್ತಿದ್ದಾಗ ನಾನು ಒಳಗೆ ಅಕ್ಕಿ ಆರಿಸುತ್ತಾ ಯೋಚಿಸದೆ ಅಂದುಬಿಟ್ಟೆ.

“ಮೊದಲನೇದರ ದನಿ ಸಾಯೋವಾಗ ಉಗುಳು ನುಂಗ್ತದ. ಎರಡನೇದು ಉಗುಳ್ತದ.”

ಹೊರಗೆ ಸದ್ದು ನಿಂತಿತು. ಅಪ್ಪ ಎದ್ದು ಬಂದು ಪರದೆ ಸರಿಸಿ, ಮೊದಲ ಸಲ ಕಂಡವನಂತೆ ನನ್ನನ್ನು ನೋಡಿದ. “ಹೊರಗ ಬಾ” ಅಂದ. ಅಕ್ಕಿಯ ಮೊರ ಅಲ್ಲಿಯೇ ಉಳಿಯಿತು. ಆ ದಿನದಿಂದ ನಾನು ಬೆಂಚಿನವಳಾದೆ.

ಅಪ್ಪ ಕಲಿಸಿದ ರೀತಿ ಹೀಗಿತ್ತು. ಟ್ರಾನ್ಸಿಸ್ಟರಿನ ಕಾಲು ಬೆಸೆಯುವಾಗ ಶಾಖ ಮೇಲೇರದಂತೆ ಆ ಕಾಲನ್ನು ಇಕ್ಕಳದಿಂದ ಹಿಡಿಯುವುದು ಎಲ್ಲರ ಪದ್ಧತಿ. ಅಪ್ಪನ ಬಳಿ ಎರಡು ಇಕ್ಕಳಗಳಿದ್ದವು. ನನಗೆ ಕೊಡಲಿಲ್ಲ.

“ಬೆರಳಲೇ ಹಿಡಿ. ನಿನ್ನ ಬೆರಳು ತಡಕೊಂಡ್ರ ಅದೂ ತಡಕೋತದ. ನೀ ಬಿಟ್ಟಿ ಅಂದ್ರ ಅದು ಸತ್ತಂಗ.”

ನಾನು ಬಿಡಲಿಲ್ಲ. ಬಿಟ್ಟರೆ ಅವನು ಏನೂ ಮಾಡುತ್ತಿರಲಿಲ್ಲ, ನನ್ನನ್ನು ಒಳಗೆ ಅಕ್ಕಿ ಆರಿಸಲು ಕಳಿಸುತ್ತಿದ್ದ, ಅಷ್ಟೇ. ಅದು ನನಗೆ ಬೇಡವಾಗಿತ್ತು. ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿ ಬೊಬ್ಬೆ ಬಂದು, ಒಡೆದು, ಮತ್ತೆ ಬಂದು, ಕೊನೆಗೆ ಚರ್ಮ ದಪ್ಪವಾಯಿತು. ಮೊದಮೊದಲು ಶರಣು ಅಪ್ಪ ವರ್ಕ್‌ಶಾಪಿಗೆ ಹೋದ ಮೇಲೆ ನನ್ನ ಕೈ ಹಿಡಿದು ಕೊಬ್ಬರಿ ಎಣ್ಣೆ ಸವರುತ್ತಿದ್ದ. ಉಫ್ ಉಫ್ ಎಂದು ಊದುತ್ತಿದ್ದ. “ನಾಳಿಂದ ನಾ ಹಿಡೀತೀನಿ, ನೀ ಬರೇ ಕೇಳು” ಎನ್ನುತ್ತಿದ್ದ. ನನಗಿಂತ ನಾಲ್ಕು ವರ್ಷ ದೊಡ್ಡವನು. ಅವನ ಕೈ ಚಂದವಿತ್ತು. ಅವನು ಮಡಚಿದ ತಗಡಿನ ಮೂಲೆಗಳು, ಬೆಸುಗೆಯ ಹನಿಗಳು ಎಲ್ಲವೂ ಅಳೆದಿಟ್ಟಂತಿರುತ್ತಿದ್ದವು. ಅವನಿಗೆ ಇಲ್ಲದಿದ್ದದ್ದು ಕಿವಿಯೊಂದೇ. ಡೆನ್ಜಿಲ್ ಬಿಟ್ಟುಹೋಗಿದ್ದ ಮೂರು ತಂತಿಯ ಮುರುಕು ಗಿಟಾರನ್ನು ಅವನು ಪ್ರೀತಿಯಿಂದ ಬಾರಿಸುತ್ತಿದ್ದ, ಆದರೆ ತಂತಿ ಇಳಿದದ್ದು ಅವನಿಗೆ ಗೊತ್ತಾಗುತ್ತಿರಲಿಲ್ಲ.

ಅಣ್ಣನ ಈ ಕೊರತೆ ಅಪ್ಪನ ಕೈಗೆ ಸಿಕ್ಕಿತು. ಭಾನುವಾರದ ಊಟ ನಮ್ಮಲ್ಲಿ ದೊಡ್ಡದು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ತಾಟು ಹಾಕಿ ಎಲ್ಲರೂ ಕೂತ ಮೇಲೆ ಅಪ್ಪ ಎರಡು ಜೋಡಿಗಳನ್ನು ಒಂದಾದ ಮೇಲೊಂದರಂತೆ ಸಿಕ್ಕಿಸಿ ತಂತಿ ಮೀಟಿ, ‘ಯಾವುದು ಚಲೋದು’ ಎಂದು ಶರಣುವನ್ನು ಕೇಳುತ್ತಿದ್ದ. ಅವನು ತಪ್ಪು ಹೇಳಿದರೆ ಅವನ ತಾಟನ್ನು ಅಪ್ಪ ತನ್ನ ಕೈಯಾರೆ ಬೋರಲು ಹಾಕುತ್ತಿದ್ದ. ಆಮೇಲೆ ಅದೇ ಪ್ರಶ್ನೆ ನನಗೆ. ನಾನು ಸರಿ ಹೇಳುತ್ತಿದ್ದೆ. ನನ್ನ ರೊಟ್ಟಿಯ ಮೇಲೆ ತುಪ್ಪ ಬೀಳುತ್ತಿತ್ತು, ಅದನ್ನು ಬಡಿಸಬೇಕಾದವನು ಶರಣು. ನಾವೆಲ್ಲ ಉಂಡು ಎದ್ದ ಮೇಲೆ ಉಳಿದದ್ದು ಅವನಿಗೆ. ಒಮ್ಮೆ ಅವ್ವ ಅವನಿಗೆ ಒಲೆಯ ಹಿಂದೆ ರೊಟ್ಟಿ ಕೊಟ್ಟಳು. ಅದನ್ನು ಮುರಿದ ಸಪ್ಪಳ ಅಪ್ಪನಿಗೆ ಕೇಳಿಸಿತು. ಆ ವಾರವೆಲ್ಲ ಅವನು ಅವ್ವನ ಜೊತೆ ಮಾತಾಡಲಿಲ್ಲ. ಅಲ್ಲಿಂದ ಮುಂದೆ ಅವ್ವ ಶರಣುವಿಗೆ ಕದ್ದು ಕೊಡುವಾಗ ಮೆತ್ತಗಿನ ಅನ್ನವನ್ನೇ ಕೊಡುತ್ತಿದ್ದಳು.

ನನಗೆ ಆ ಭಾನುವಾರಗಳು ಇಷ್ಟವಿದ್ದವು ಎಂದು ಇಲ್ಲಿ ಬರೆಯಬೇಕು. ಬೋರಲು ಬಿದ್ದ ತಾಟಿನ ಪಕ್ಕದಲ್ಲಿ ಕೂತು ಉಂಡ ತುಪ್ಪದ ರುಚಿ ನನಗೆ ಬೇರೆ ಊಟದಲ್ಲಿ ಸಿಗಲಿಲ್ಲ. ಶರಣು ತಪ್ಪು ಹೇಳಲಿ ಎಂದು ಶನಿವಾರದಿಂದಲೇ ಕಾಯುತ್ತಿದ್ದೆ. ಅವನು ಯಾವಾಗಲೋ ಒಮ್ಮೆ ಅಂದಾಜಿನಲ್ಲಿ ಸರಿ ಹೇಳಿದರೆ ನನಗೆ ಮೋಸವಾದಂತಾಗುತ್ತಿತ್ತು.

ಆದರೆ ಗಿರಾಕಿಗಳು ಬಂದಾಗ ಆಟ ತಿರುಗುತ್ತಿತ್ತು. ಹೊರಗೆ ಸ್ಕೂಟರಿನ ಸದ್ದಾದರೆ ಅಪ್ಪ ನನ್ನನ್ನು ಪರದೆಯ ಹಿಂದೆ ಕಳಿಸಿ, ಶರಣುವನ್ನು ಬೆಂಚಿಗೆ ಕೂರಿಸುತ್ತಿದ್ದ.

“ಹೆಣ್ಣುಡುಗಿ ಮಾಡ್ಯಾಳಂದ್ರ ಯಾರೂ ನಂಬೂದಿಲ್ಲ. ನಂಬಿದ್ರ ಮತ್ತೂ ಕೆಡಕು.”

ನಾನು ಕೇಳಿ ಕೇಳಿ ಆರಿಸಿದ ಜೋಡಿಯ ಡಬ್ಬಿಯನ್ನು ಡೆನ್ಜಿಲ್ ಬಾರಿಸಿ, “ಕ್ಯಾ ಕಾನ್ ಹೈ ಲಡ್ಕೇ ಕಾ” ಎಂದು ಶರಣುವಿನ ಬೆನ್ನು ತಟ್ಟುವುದನ್ನು ಪರದೆಯ ತೂತಿನಿಂದ ನೋಡುತ್ತಿದ್ದೆ. ಎಂಥ ಕಿವಿ ಈ ಹುಡುಗನದು! ಶರಣು ತಲೆ ತಗ್ಗಿಸುತ್ತಿದ್ದ. ಅದು ನಾಚಿಕೆಯೆಂದು ಈಗ ನನಗೆ ಗೊತ್ತು. ಆಗ ನನಗೆ ಅದು ಕಳ್ಳನೊಬ್ಬ ಮಾಲು ಮುಚ್ಚಿಕೊಂಡಂತೆ ಕಾಣುತ್ತಿತ್ತು.

ನನಗೆ ಹದಿನೈದಾದ ವರ್ಷದ ಬೇಸಿಗೆಯಲ್ಲಿ ಡೆನ್ಜಿಲ್ ಮುಂಬೈಯ ಒಬ್ಬ ಸೇಠನನ್ನು ಕರೆತಂದ. ವಾದ್ಯಗಳ ಅಂಗಡಿಯವನು. ನಮ್ಮ ಡಬ್ಬಿ ಅವನ ಕಿವಿಗೂ ಬಿದ್ದಿತ್ತು. ಹುಡುಗನನ್ನು ಮುಂಬೈಗೆ ಕಳಿಸಿ, ಅಂಗಡಿಯ ಹಿಂದೆಯೇ ಇರಲು ಜಾಗ, ಊಟ, ಕೆಲಸ ಎಲ್ಲ ತನ್ನ ಜವಾಬ್ದಾರಿ ಎಂದ. ಶರಣು ಮೆಟ್ರಿಕ್‌ನಲ್ಲಿ ಎರಡು ಸಲ ನಪಾಸಾಗಿ ಮನೆಯಲ್ಲಿದ್ದ. ಅವನ ಮುಖ ಆ ಗಳಿಗೆಯಲ್ಲಿ ಹೇಗಾಯಿತೆಂದರೆ, ನಾನು ತೂತಿನಿಂದ ಕಣ್ಣು ತೆಗೆದೆ. ಸೇಠ್ ಅದೇ ದಿನ ಕರೆದುಕೊಂಡು ಹೋಗಲು ತಯಾರಿದ್ದ. ಷರತ್ತು ಹಾಕಿದವನು ಅಪ್ಪ.

“ಹಾಂಗ ಹ್ಯಾಂಗ ಕಳಸಲಿ ಸಾಹೇಬ್ರ? ಮುಂದಿನ ಭಾನುವಾರ ಬರ್ರಿ. ನಿಮ್ಮ ಕಣ್ಣೆದುರಿಗೇ ಕೂತು ಜೋಡಿ ಆರಿಸಿ ಮಾಡಿ ತೋರಸಲಿ. ಆಮ್ಯಾಲೆ ಕರಕೊಂಡು ಹೋಗ್ರಿ.”

ಹಿಂದಿಯಲ್ಲಿ ಹೇಳಿದ್ದನ್ನು ಆಮೇಲೆ ಕನ್ನಡದಲ್ಲಿ ಶರಣುವಿಗೆ ಮತ್ತೊಮ್ಮೆ ಹೇಳಿದ, ನಗುತ್ತಾ. ಅಪ್ಪನಿಗೆ ಎಲ್ಲ ಗೊತ್ತಿತ್ತು. ಮಗ ಬೀಳುವುದನ್ನು ಹೊರಗಿನವರೂ ನೋಡಲಿ ಎಂಬ ಆಸೆ ಅವನಿಗೆ ಯಾಕಿತ್ತೋ. ಕಲ್ಲು ಹೊರುತ್ತಿದ್ದ ದಿನಗಳಲ್ಲಿ ಯಾರೂ ತನಗೆ ಬರಿದೇ ಏನನ್ನೂ ಕೊಡಲಿಲ್ಲ ಎಂಬುದು ಕಾರಣವಿರಬಹುದು. ನಾನು ಇದಕ್ಕಿಂತ ಹೆಚ್ಚು ಒಳ್ಳೆಯ ಕಾರಣವನ್ನು ಈ ವಯಸ್ಸಿನವರೆಗೂ ಹುಡುಕಿದ್ದೇನೆ, ಸಿಕ್ಕಿಲ್ಲ.

ಆ ಭಾನುವಾರ ಬೆಳಿಗ್ಗೆ ನಳದ ಹತ್ತಿರ ಕೊಡ ತುಂಬುತ್ತಿದ್ದಾಗ ಶರಣು ಬಂದು ನನ್ನ ಪಕ್ಕದಲ್ಲಿ ನಿಂತ.

“ನೀಲಾ, ನೀ ಪರದಿ ಹಿಂದ ಚಾ ಮಾಡ್ತಾ ಇರ್ತಿ. ಚಲೋ ಜೋಡಿ ಬಂದಾಗ ಕಪ್ಪಿನ ಬಸಿಗೆ ಚಮಚಾ ಒಮ್ಮೆ ಬಡಿ. ಒಂದs ಒಮ್ಮೆ. ನನಗ ತಿಳೀತದ.”

ನಾನು ಕೊಡದ ಬಾಯಿ ನೋಡುತ್ತಿದ್ದೆ.

“ನಾ ಹೋದ್ರ ಬೆಂಚ್ ಪೂರಾ ನಿಂದs ಆಗ್ತದ” ಎಂದ. ಆಮೇಲೆ ಸಣ್ಣ ದನಿಯಲ್ಲಿ, “ಈ ಮನ್ಯಾಗ ನನಗ ಉಸುರು ಹಾಯೂದಿಲ್ಲ, ತಂಗಿ.”

ಬಡಿಯುತ್ತೇನೆ ಎಂದೆ. ಅವನ ಕೈಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಸುಳ್ಳು ಆಣೆಯಾಗಿರಲಿಲ್ಲ ಅದು. ಕೊಡ ಹೊತ್ತು ಮನೆಗೆ ಬರುವವರೆಗೂ ನಾನು ಬಡಿಯುವವಳೇ ಇದ್ದೆ.

ಸೇಠ್, ಡೆನ್ಜಿಲ್ ಇಬ್ಬರೂ ಬಂದು ಕೂತರು. ತಗಡು ಕಾದು ಮೇಲಿನಿಂದ ಚಟಚಟ ಎನ್ನುತ್ತಿತ್ತು. ಎಲ್ಲ ಬೆಸೆದು ತಯಾರಿದ್ದ ಒಂದು ಡಬ್ಬಿ ಬೆಂಚಿನ ಮೇಲಿತ್ತು, ಟ್ರಾನ್ಸಿಸ್ಟರುಗಳ ಜಾಗವಷ್ಟೇ ಖಾಲಿ. ಅಪ್ಪ ಎಂಟು ಜೋಡಿಗಳನ್ನು ಸಾಲಾಗಿ ಇಟ್ಟಿದ್ದ. ಶರಣು ಒಂದೊಂದೇ ಜೋಡಿಯನ್ನು ಸಿಕ್ಕಿಸುತ್ತಿದ್ದ, ಡೆನ್ಜಿಲ್ ತಂತಿ ಮೀಟುತ್ತಿದ್ದ. ಮೊದಲನೆಯದು ಒಣ. ಎರಡನೆಯದು ಮಂದ. ಮೂರನೆಯದರ ದನಿ ಎದ್ದು, ತುಂಬಿ, ನಿಧಾನವಾಗಿ ಮಣ್ಣಿಗಿಳಿಯುವ ನೀರಿನಂತೆ ಇಂಗಿತು. ಅದೇ. ನನ್ನ ಕೈಯಲ್ಲಿ ಚಮಚವಿತ್ತು, ಎದುರಿಗೆ ಬಸಿಯಿತ್ತು. ಶರಣು ಮುಂದಿನ ಜೋಡಿಗೆ ಕೈ ಹಾಕದೆ, ಬೆವರು ಒರೆಸಿಕೊಳ್ಳುವ ನೆಪದಲ್ಲಿ ಕಾದ. ಪರದೆಯ ಕಡೆ ನೋಡಿದ. ಆಗಲೇ ಡೆನ್ಜಿಲ್ ಸೇಠನ ಕಡೆ ತಿರುಗಿ ಹೇಳಿದ, “ದೇಖಾ? ಅಯ್ಸಾ ಕಾನ್ ಪೂರೇ ಪೂನಾ ಮೇಂ ನಹೀಂ.”

ಇಂಥ ಕಿವಿ ಇಡೀ ಪುಣೆಯಲ್ಲೇ ಇಲ್ಲವಂತೆ. ನನ್ನ ಕೈ ಎದ್ದದ್ದು ಅಲ್ಲಿಯೇ ನಿಂತಿತು. ನನ್ನ ಕಿವಿಯನ್ನು ಇವನು ಮುಂಬೈಗೆ ಹೊತ್ತುಕೊಂಡು ಹೋಗುತ್ತಾನೆ ಎಂದು ಅನಿಸಿತು. ಶರಣು ಮೂರನೆಯ ಜೋಡಿಯನ್ನು ತೆಗೆದಿಟ್ಟ.

ಆರನೆಯದು ಜೋರಾಗಿತ್ತು. ಕೇಳಿದ ಕೂಡಲೇ ಯಾರಾದರೂ ಚಪ್ಪಾಳೆ ಹೊಡೆಯುವಂಥ ದನಿ. ಆದರೆ ಅದರ ಕೆಳಗೆ ಎಣ್ಣೆಯಲ್ಲಿ ಏನೋ ಹುರಿದಂಥ ಸಣ್ಣ ಚಿರಿಚಿರಿ ನನಗೆ ಕೇಳಿಸುತ್ತಿತ್ತು. ಈ ಸೆಖೆಯಲ್ಲಿ ಹತ್ತು ನಿಮಿಷವೂ ನಿಲ್ಲುವ ಜೋಡಿಯಲ್ಲ ಅದು. ನಾನು ಬಸಿಗೆ ಚಮಚ ಬಡಿದೆ. ಒಂದೇ ಒಂದು ಸಲ, ಸ್ಪಷ್ಟವಾಗಿ.

ಶರಣುವಿನ ಭುಜಗಳು ಇಳಿದವು. “ಯೇ ವಾಲಾ” ಎಂದು ಅದನ್ನೇ ಆರಿಸಿ, ತನ್ನ ಚಂದದ ಕೈಯಿಂದ ಬೆಸೆದ. ಸೇಠನಿಗೆ ಖುಷಿಯಾಯಿತು. ನಾನು ಚಹಾ ಸೋಸಿ ಕೊಟ್ಟೆ, ಅವ್ವ ಪರದೆಯ ಸಂದಿಯಿಂದ ಹೊರಗೆ ದಾಟಿಸಿದಳು. ಡೆನ್ಜಿಲ್ ಬಾರಿಸುತ್ತಲೇ ಇದ್ದ. ಕಪ್ಪು ಖಾಲಿಯಾಗುವ ಮೊದಲೇ ದನಿ ಕೆಮ್ಮಲು ಶುರು ಮಾಡಿತು, ಆಮೇಲೆ ಸೊರಗಿತು, ಆಮೇಲೆ ಬರಿಯ ಸುಯ್ ಎಂಬ ಗಾಳಿ. ಶರಣು ಬ್ಯಾಟರಿ ಬದಲಿಸಿದ. ತಂತಿ ಅಲ್ಲಾಡಿಸಿದ. ಸೇಠ್ ಗಡಿಯಾರ ನೋಡಿಕೊಂಡ.

ಅಪ್ಪ ನಗಲು ಶುರು ಮಾಡಿದ. ಅಷ್ಟು ಹೊತ್ತು ನಕ್ಕದ್ದನ್ನು ನಾನು ಹಿಂದೆ ನೋಡಿರಲಿಲ್ಲ.

“ನೀಲಾ, ಹೊರಗ ಬಾ. ಚಮಚಾ ತಗೊಂಡು ಬಾ.”

ಅವನಿಗೆ ಎಲ್ಲ ಕೇಳಿಸಿತ್ತು. ಬಡಿದದ್ದು ಕೇಳಿಸಿತ್ತು, ಮೂರನೆಯ ಜೋಡಿಗೆ ಬಡಿಯದೆ ಬಿಟ್ಟದ್ದೂ ಕೇಳಿಸಿತ್ತು. ಹದಿನೈದು ವರ್ಷದ ನನ್ನನ್ನು ಆ ಹೊರಗಿನವರ ಎದುರು ಬೆಂಚಿಗೆ ಕೂರಿಸಿ, ಜೋಡಿ ಆರಿಸಲು ಹೇಳಿದ. ನಾನು ಮೂರನೆಯದನ್ನು ಎತ್ತಿಕೊಟ್ಟೆ. ಕೇಳಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ಅಪ್ಪ ಸಿಕ್ಕಿಸಿ ಕೇಳಿಸಿದ. ಡೆನ್ಜಿಲ್ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೂ ಶರಣುವನ್ನೂ ನೋಡಿದ. ಅಪ್ಪ ಶರಣುವಿಗೆ ಹೇಳಿದ.

“ತಂಗಿ ಕಾಲು ಮುಟ್ಟಿ ನಮಸ್ಕಾರ ಮಾಡು. ಇಷ್ಟು ವರ್ಷ ಇಕಿ ಅನ್ನ ಉಂಡೀದಿ.”

ಸೇಠ್ ‘ಬೇಡ ಬೇಡ’ ಎಂದು ಎದ್ದು ನಿಂತ. ಪರದೆಯ ಹಿಂದಿನಿಂದ ಅವ್ವ ‘ಹಾಂಗ ಮಾಡಬ್ಯಾಡ್ರಿ’ ಎಂದಳು. ಶರಣು ಬಗ್ಗಿದ. ನಾನು ಸ್ಟೂಲಿನ ಮೇಲೆ ಕೂತಿದ್ದೆ, ಪಾದ ಹಿಂದೆಳೆದುಕೊಳ್ಳಲು ಜಾಗವಿತ್ತು. ಎಳೆದುಕೊಳ್ಳಲಿಲ್ಲ. ಅವನ ಬೆರಳು ನನ್ನ ಪಾದಕ್ಕೆ ತಗುಲಿದವು, ನನಗಷ್ಟೇ ಕೇಳುವಷ್ಟು ಸಣ್ಣಗೆ ಅವನು ಕೇಳಿದ.

“ಯಾಕ ಬಡದಿ?”

ಸೇಠ್ ಬಾಗಿಲಲ್ಲಿ ಅಪ್ಪನಿಗೆ, ಹುಡುಗಿಯನ್ನು ತಾನು ಹೇಗೆ ಕರೆದುಕೊಂಡು ಹೋಗಲಿ ಎಂದ. ‘ನಾನೂ ಕಳಸೂದಿಲ್ಲ’ ಎಂದ ಅಪ್ಪ. ಸ್ಕೂಟರು ಹೋಯಿತು. ಊಟಕ್ಕೆ ಕೂತಾಗ ಅಪ್ಪ ತನ್ನ ತಾಟಿನ ತುಪ್ಪದ ತುತ್ತನ್ನು ನನ್ನ ತಾಟಿಗಿಟ್ಟು ಅವ್ವನಿಗೆ ಹೇಳಿದ, “ಇಕಿ ನನ್ನ ಮಗಳು ನೋಡು.” ನನಗೆ ಹೆಮ್ಮೆಯಾಯಿತು. ಅವ್ವ ನನ್ನನ್ನು ನೋಡಿದ ನೋಟ ಬೇರೆಯಿತ್ತು. ಅದನ್ನು ನಾನು ಅಂದು ಲೆಕ್ಕಕ್ಕೆ ಹಿಡಿಯಲಿಲ್ಲ.

ಮರುದಿನ ಅಪ್ಪ ವರ್ಕ್‌ಶಾಪಿಗೆ ಹೋದ ಮೇಲೆ ಶರಣು ಗಡಿಗೆಯ ಬುಡದ ಡಬ್ಬವನ್ನು ತೆಗೆದು ಬೆಂಚಿಗೆ ಕೂತ. ಸೋಲ್ಡರಿಂಗ್ ಐರನ್ ಕಾಯಿಸಿದ. ಒಂದೊಂದೇ ಟ್ರಾನ್ಸಿಸ್ಟರನ್ನು ಎತ್ತಿ, ಅದರ ಮೈಗೆ ಐರನ್ನಿನ ತುದಿ ಒತ್ತಿ, ಮನಸ್ಸಿನಲ್ಲಿ ಎಣಿಸುವವನಂತೆ ಕಾದು, ಪಕ್ಕಕ್ಕಿಡುತ್ತಿದ್ದ. ಅವಸರವಿರಲಿಲ್ಲ. ಅವನು ಸಿಟ್ಟಿನಿಂದ ಡಬ್ಬವನ್ನು ನೆಲಕ್ಕೆ ಬಡಿದಿದ್ದರೆ ಅರ್ಧ ಉಳಿಯುತ್ತಿದ್ದವು. ಅವ್ವ ನೀರಿಗೆ ಹೋಗಿದ್ದಳು. ನಾನು ಪರದೆಯ ಹತ್ತಿರ ನಿಂತು ನೋಡಿದೆ, ಬೇಡ ಎನ್ನಲಿಲ್ಲ, ಯಾರನ್ನೂ ಕೂಗಲಿಲ್ಲ. ನಾಲ್ಕು ವರ್ಷ ನಾನು ಕೇಳಿ ಆರಿಸಿದ ಜೋಡಿಗಳು ಅವು. ಎಲ್ಲ ಮುಗಿದ ಮೇಲೆ ಅವನು ನನ್ನ ಕಡೆ ತಿರುಗಿದ.

“ಬೆರಳು ತಾ.”

ನಾನು ಹೋಗಿ ಬೆರಳು ಚಾಚಿದೆ. ಸುಡಲಿ ಎಂದೇ ಚಾಚಿದೆ. ಐರನ್ನಿನ ಬಿಸಿ ಚರ್ಮಕ್ಕೆ ಗೊತ್ತಾಗುವಷ್ಟು ಹತ್ತಿರ ತಂದ. ಆ ದಪ್ಪ ಬಿದ್ದ ತುದಿಗಳನ್ನು ಸ್ವಲ್ಪ ಹೊತ್ತು ನೋಡಿ, ಐರನ್ನನ್ನು ಅದರ ಸ್ಟ್ಯಾಂಡಿಗೆ ಸಿಕ್ಕಿಸಿ, ಸ್ವಿಚ್ಚು ಆರಿಸಿ, ಚಪ್ಪಲಿ ಹಾಕಿಕೊಂಡು ಹೋದ. ಚೀಲವನ್ನೂ ಒಯ್ಯಲಿಲ್ಲ.

ಸಂಜೆ ಅಪ್ಪ ಬಂದು ಬೆಂಚಿಗೆ ಕೂತು ಪ್ರತಿಯೊಂದನ್ನೂ ಮೀಟರಿಗೆ ಹಚ್ಚಿದ. ‘ಸತ್ತದ’ ಎನ್ನುವುದು, ಇನ್ನೊಂದನ್ನು ಎತ್ತುವುದು, ‘ಸತ್ತದ’ ಎನ್ನುವುದು. ಒಂದನ್ನೂ ಬಿಡಲಿಲ್ಲ. ಕೊನೆಗೆ, ಈ ಮನೆಯಲ್ಲಿ ಅವನ ಹೆಸರು ಕೇಳಿಸಬಾರದು ಎಂದ. ತಿಂಗಳು ಕಳೆದ ಮೇಲೆ ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವವಳು ಚಾಳಿಗೆ ಬಂದಾಗ ಅಪ್ಪನ ಮಾತಿನಂತೆ ಶರಣುವಿನ ಪ್ಯಾಂಟು, ಅಂಗಿ, ಒಂದು ಸ್ವೆಟರು ಅವಳ ಗಂಟಿಗೆ ಹೋದವು. ಅವ್ವ ಒಳಗೆ ಹೋಗಿ ಕೂತಳು. ಪಾತ್ರೆ ಆರಿಸಿದವಳು ನಾನು. ಮುಚ್ಚಳವಿರುವುದು ಬೇಕೆಂದು ಚೌಕಾಸಿ ಮಾಡಿದೆ.

ಡಬ್ಬಿಗಳ ಕೆಲಸ ಮತ್ತೆ ಶುರುವಾಗಲು ಒಂದು ವರ್ಷ ಹಿಡಿಯಿತು. ಆಮೇಲೆ ಡೆನ್ಜಿಲ್ ಕೊಲ್ಲಿ ದೇಶಕ್ಕೆ ಹೋದ. ಅವನ ಗೆಳೆಯರು ಅಷ್ಟಿಷ್ಟು ಬಂದರು. ಹಳೆಯ ರೇಡಿಯೋಗಳು ತೀರಿದವು, ಆ ಜಾತಿಯ ಟ್ರಾನ್ಸಿಸ್ಟರೂ ಸಿಗುವುದು ನಿಂತಿತು. ಹೊಸ ಜಾತಿಯವು ಶಾಖಕ್ಕೆ ಹೆದರುತ್ತಿರಲಿಲ್ಲ, ಅವುಗಳ ದನಿ ಗಾಜು ಗೀಚಿದಂತಿತ್ತು. ನಾನು ಭೋಸರಿಯ ಒಂದು ಕಾರ್ಖಾನೆಯಲ್ಲಿ ಬೆಸೆಯುವ ಕೆಲಸಕ್ಕೆ ಸೇರಿದೆ. ನೋಡಲು ಬಂದ ಗಂಡುಗಳು ನನ್ನ ಬೆರಳು ನೋಡಿ, ಮಾತು ಕೇಳಿ, ವಾಪಸು ಹೋದರು. ನನ್ನ ಮಾತಿನ ಧಾಟಿ ಅಪ್ಪನದೇ ಆಗಿತ್ತು. ಕಾರ್ಖಾನೆಯಲ್ಲಿ ಹೊಸದಾಗಿ ಬಂದ ಹುಡುಗಿಯರಿಗೆ ನಾನೂ ಇಕ್ಕಳ ಕೊಡುತ್ತಿರಲಿಲ್ಲ. ಇಬ್ಬರು ಅಳುತ್ತಾ ಕೆಲಸ ಬಿಟ್ಟರು.

ಅಪ್ಪ ನಿವೃತ್ತನಾದ ವರ್ಷ, ರಜೆಯ ದಿನವೊಂದರಲ್ಲಿ ನಳದ ಹತ್ತಿರ ನೆರೆಮನೆಯ ಶಾಂತಾಬಾಯಿ ಸಿಕ್ಕಳು. ನಿನ್ನ ಅಣ್ಣನ ಕೂಸು ಎಷ್ಟು ಮುದ್ದಾಗಿದೆ, ಮೊನ್ನೆ ಮಾರ್ಕೆಟ್ ಯಾರ್ಡಿಗೆ ಮೆಣಸಿನಕಾಯಿ ತರಲು ಹೋದಾಗ ನಿನ್ನ ಅವ್ವ ಎತ್ತಿಕೊಂಡು ನಿಂತಿದ್ದಳು ಎಂದು ಮರಾಠಿಯಲ್ಲಿ ಅಂದಳು. ಕೊಡವನ್ನು ಅಲ್ಲಿಯೇ ಬಿಟ್ಟು ಬಂದೆ. ಅಪ್ಪ ಉಣ್ಣುತ್ತಿದ್ದ. ಅವ್ವ ರೊಟ್ಟಿ ತಟ್ಟುತ್ತಿದ್ದಳು.

“ಅಣ್ಣ ಎಲ್ಲಿದ್ದಾನ?” ಎಂದೆ.

ಅವ್ವನ ಕೈ ನಿಲ್ಲಲಿಲ್ಲ.

“ಮಾರ್ಕೆಟ್ ಯಾರ್ಡ್ ಬಾಜೂಕ. ಮೋಟರ್ ವೈಂಡಿಂಗ್ ಅಂಗಡಿ ಹಾಕ್ಯಾನ.”

“ನಿನಗ ಯಾವಾಗಿಂದ ಗೊತ್ತು?”

“ಹೋಗಿ ಎರಡು ತಿಂಗಳಿಗೆ ಹೇಳಿ ಕಳಿಸಿದ್ದ.”

ಎಂಟೊಂಬತ್ತು ವರ್ಷ ಪ್ರತಿ ತಿಂಗಳೂ ಅವಳು ಮೆಣಸಿನಕಾಯಿ, ಬೆಲ್ಲ ಎಂದು ಬಸ್ಸು ಹತ್ತಿ ಅಷ್ಟು ದೂರ ಹೋಗಿದ್ದಳು. ನಾನು ಅಪ್ಪನ ಕಡೆ ನೋಡಿದೆ. ಈಗ ಅವಳ ತಾಟು ಬೋರಲಾಗುತ್ತದೆ ಎಂದು ಕಾದೆ, ಹಳೆಯ ಭಾನುವಾರಗಳಲ್ಲಿ ಕಾದ ಹಾಗೆಯೇ. ಅಪ್ಪ ಹಿಂಡಿಗೆ ಮೊಸರು ಕಲೆಸುತ್ತಿದ್ದ.

“ಅವರಿಗೂ ಗೊತ್ತದ” ಎಂದಳು ಅವ್ವ. “ಮೂರು ವರ್ಷದ ಹಿಂದ ಇವರs ಹೋಗಿ ಮನಿಗೆ ಬಾ ಅಂತ ಕರದ್ರು. ನೀಲಾ ಇರೂ ಮನಿಗೆ ಬರೂದಿಲ್ಲ ಅಂದ. ಕೂಸಿನ ತೊಟ್ಟಿಲ ಕಾರ್ಯಕ್ಕ ಇಬ್ಬರೂ ಹೋಗಿದ್ವಿ.”

ವರ್ಕ್‌ಶಾಪಿನ ಯಾರದೋ ಮಗಳ ಮದುವೆಗೆಂದು ಇಬ್ಬರೂ ಹೊಸ ಬಟ್ಟೆ ಉಟ್ಟು ಹೋಗಿದ್ದ ದಿನ ನೆನಪಾಯಿತು. ಅಂದು ನಾನು ಕದ ಹಾಕಿಕೊಂಡು, ಇಡೀ ಮನೆ ನನ್ನದೆಂದು, ಬೆಂಚಿನ ಮುಂದೆ ಆರಾಮವಾಗಿ ಕೂತಿದ್ದೆ.

“ನನಗ್ಯಾಕ ಹೇಳಲಿಲ್ಲ?”

“ಯಾರಿಗರೆ ಹೇಳು, ಅಕಿಗೆ ಹೇಳಬ್ಯಾಡ ಅಂದಾನ.”

ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಅವ್ವ ಅದನ್ನು ಮಗುಚಿದಳು. ಕೇಳಬಾರದಿತ್ತು, ಕೇಳಿದೆ.

“ಕೂಸಿನ ಹೆಸರರೆ ಏನಿಟ್ಟಾರ?”

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಬೆರಳು ನೆಕ್ಕಿಕೊಂಡು, ತಾಟು ಪಕ್ಕಕ್ಕೆ ಸರಿಸಿ, ಕೈ ತೊಳೆಯಲು ಏಳುತ್ತಾ ಹೇಳಿದ.

“ಅದನ್ನೂ ಹೇಳಬ್ಯಾಡ ಅಂದಾನ.”